ಬೀದಿ ಕೆಟ್ಟಿತಾ, ಖಾಲಿ ಆಯ್ತಾ? ನಗರದ ನಡುಭಾಗದ ಹುಡುಗರು, ಹೊಡೆದಾಟ, ಆಗ ಮತ್ತು ಈಗ

ಕಟ್ಟೆಮುದುಕ

ವಯಸ್ಸು ಎಪ್ಪತ್ತರ ಹತ್ತಿರ ಬಂದಿದೆ. ಹಳೇ ಕಾಲವನ್ನು ಹೊಗಳೋ ಹಕ್ಕು ಸ್ವಲ್ಪ ಇದೆ ಅಂದುಕೊಂಡು ಈ ಚರ್ಚೆ ಶುರು ಮಾಡ್ತಿದ್ದೇನೆ.

ನಾನು ಬೆಳೆದದ್ದು ನಗರದ ನಟ್ಟನಡುವಿನ ಒಂದು ಓಣಿಯಲ್ಲಿ. ನಮಗೆ ಮನೆ ಅಂದರೆ ಮಲಗೋ ಜಾಗ, ಉಳಿದದ್ದೆಲ್ಲ ಬೀದಿ. ಆಟ ಅಲ್ಲೇ, ಓದು ಅಲ್ಲೇ, ಹೊಡೆದಾಟವೂ ಅಲ್ಲೇ. ಮೇಲಿನ ಓಣಿಯವರು ಕೆಳಗೆ ಬಂದರೆ ಏಟು, ನಾವು ಮೇಲೆ ಹೋದರೆ ನಮಗೆ ಏಟು. ಆದರೆ ಅದಕ್ಕೊಂದು ಲೆಕ್ಕ ಇತ್ತು. ಕೈ, ತಪ್ಪಿದರೆ ಸೈಕಲ್ ಚೈನು, ಅಷ್ಟೇ. ಕೆಳಗೆ ಬಿದ್ದವನನ್ನು ಹೊಡೀತಿರಲಿಲ್ಲ. ಅವನಮ್ಮ ಬಾಗಿಲಿಗೆ ಬಂದು ಕೂಗಿದರೆ ಎತ್ತಿದ ಕೈ ಹಾಗೇ ಇಳೀತಿತ್ತು. ಬೀದಿಯ ದೊಡ್ಡವರಲ್ಲಿ ಯಾರು ಬೇಕಾದರೂ ಕಿವಿ ಹಿಂಡಬಹುದಿತ್ತು, ಮನೆಗೆ ಹೋಗಿ ದೂರು ಹೇಳಿದರೆ ಇನ್ನೊಂದು ಕಿವಿಯೂ ಹೋಗ್ತಿತ್ತು.

ಈಗ ಅದೇ ಓಣಿಗೆ ಹೋದರೆ ಮಕ್ಕಳೇ ಕಾಣಲ್ಲ. ಬಾಗಿಲುಗಳೆಲ್ಲ ಮುಚ್ಚಿವೆ. ಪೇಪರಿನಲ್ಲಿ ಮಾತ್ರ ಹದಿನಾಲ್ಕರ ಹುಡುಗ, ಹದಿನೈದರ ಹುಡುಗ, ಜೇಬಲ್ಲಿ ಚಾಕು, ಕಾರಣ ಕೇಳಿದರೆ ಫೋನಿನಲ್ಲಿ ಯಾರೋ ಏನೋ ಬರೆದರಂತೆ. ಈ ಐವತ್ತು ವರ್ಷದಲ್ಲಿ ಏನಾಯ್ತು? ನನಗೆ ಉಪದೇಶ ಬೇಡ, ನೀವು ಕಂಡದ್ದು, ಓದಿದ್ದು ಬರೀರಿ.

ಲೆಕ್ಕದಪುಸ್ತಕ

ಯಜಮಾನರೇ, ಜಗಳ ಶುರು ಮಾಡೋದಕ್ಕೆ ಕ್ಷಮೆ ಇರಲಿ. ನೀವು ಬರೆದದ್ದನ್ನು ನಾನು ಹಿಂದೆಯೂ ಓದಿದ್ದೇನೆ, ನೂರು ವರ್ಷ ಹಳೇ ಇಂಗ್ಲಿಷ್ ಪತ್ರಿಕೆಗಳ ಉಲ್ಲೇಖಗಳಲ್ಲಿ.

ಜೆಫ್ರಿ ಪಿಯರ್ಸನ್ ಅಂತ ಒಬ್ಬ ಬ್ರಿಟಿಷ್ ಸಮಾಜಶಾಸ್ತ್ರಜ್ಞ 1983ರಲ್ಲಿ ಒಂದು ಚೇಷ್ಟೆಯ ಕೆಲಸ ಮಾಡಿದ. "ಇಪ್ಪತ್ತು ವರ್ಷದ ಹಿಂದೆ ಹುಡುಗರು ಹೀಗಿರಲಿಲ್ಲ" ಅನ್ನೋ ಮಾತನ್ನು ಹಿಡಿದುಕೊಂಡು ಇಪ್ಪತ್ತು ವರ್ಷ ಹಿಂದಕ್ಕೆ ಹೋದ. ಅಲ್ಲೂ ಜನ ಅದನ್ನೇ ಹೇಳ್ತಿದ್ದರು. ಮತ್ತೆ ಇಪ್ಪತ್ತು ಹಿಂದಕ್ಕೆ, ಅಲ್ಲೂ ಅದೇ ರಾಗ. ಹೀಗೆ ವಿಕ್ಟೋರಿಯಾ ಕಾಲದ ಆಚೆಗೂ ಹೋದ, ಆ ಒಳ್ಳೇ ಬೀದಿ ಮಾತ್ರ ಸಿಗಲೇ ಇಲ್ಲ. "ಹೂಲಿಗನ್", ಅಂದರೆ ಬೀದಿ ಪುಂಡ, ಅನ್ನೋ ಪದ ಲಂಡನ್ ಪತ್ರಿಕೆಗಳಲ್ಲಿ ಹಬ್ಬಿದ್ದೇ 1898ರ ಬೇಸಿಗೆಯಲ್ಲಿ.

ಅದಕ್ಕೂ ಮುಂಚೆ, 1870ರಿಂದ 1890ರ ದಶಕದವರೆಗೆ, ಮ್ಯಾಂಚೆಸ್ಟರ್ ಮತ್ತು ಸಾಲ್ಫರ್ಡ್‌ನಲ್ಲಿ "ಸ್ಕಟ್ಲರ್‌"ಗಳು ಅಂತ ಹುಡುಗರ ಗುಂಪುಗಳಿದ್ದವು. ಹಗಲು ಗಿರಣಿ ಕೆಲಸ, ಸಂಜೆ ಬೀದಿ ಯುದ್ಧ. ಪಾದದ ಹತ್ತಿರ ಅಗಲವಾದ ಪ್ಯಾಂಟು, ಲೋಹ ಬಡಿದ ಮರದ ಪಾದರಕ್ಷೆ, ಹಣೆಗೆ ಇಳಿದ ಕ್ರಾಪು. ಆಯುಧ ಯಾವುದು ಅಂದರೆ ಸೊಂಟದ ಬೆಲ್ಟು: ಅದನ್ನು ಕೈಗೆ ಸುತ್ತಿಕೊಂಡು ಹಿತ್ತಾಳೆಯ ಬಕಲ್ ಬೀಸೋದು. ಚಾಕುವೂ ಇತ್ತು. ಯಾವ ಬೀದಿ ಯಾರದ್ದು ಅನ್ನೋದೇ ಜಗಳ. ವಯಸ್ಸು ಹೆಚ್ಚುಕಡಿಮೆ ಹದಿನಾಲ್ಕರಿಂದ ಹತ್ತೊಂಬತ್ತು. ಫೋನ್ ಒಂದು ಬಿಟ್ಟರೆ ಎಲ್ಲಾ ಇತ್ತು ನೋಡಿ.

ಹಾದಿಹೋಕ

ಬೆಲ್‌ಬಾಟಂ ಹಾಕಿದವರೆಲ್ಲ ಪುಂಡರು ಅಂತ ನಮ್ಮ ತಾತ ಹೇಳ್ತಿದ್ದದ್ದು ಐತಿಹಾಸಿಕ ಸತ್ಯ ಅನ್ನಿ ಹಾಗಾದ್ರೆ 😄

ರಾತ್ರಿಪಾಳಿ

ಇಪ್ಪತ್ತೆರಡು ವರ್ಷ ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ಯಾವ ಆಸ್ಪತ್ರೆ, ಎಲ್ಲಿ ಅಂತ ಕೇಳಬೇಡಿ.

"ಲೆಕ್ಕ ಇತ್ತು" ಅಂತ ಯಜಮಾನರು ಬರೆದಿದ್ದಾರೆ. ಈ ಮಾತನ್ನು ನಾನು ಹೊಡೆದವರ ಬಾಯಲ್ಲೇ ಕೇಳಿದ್ದೇನೆ, ಹೊಡೆಸಿಕೊಂಡವರ ಬಾಯಲ್ಲಿ ಒಮ್ಮೆಯೂ ಕೇಳಿಲ್ಲ. ಸೈಕಲ್ ಚೈನು "ಅಷ್ಟೇ" ಅಲ್ಲ. ಅದು ಕಣ್ಣಿನ ಮೇಲೆ ಬಿದ್ದರೆ ಏನಾಗುತ್ತೆ ಅಂತ ನಾನು ನೋಡಿದ್ದೇನೆ.

ಆದರೂ ಬದಲಾವಣೆ ಇಲ್ಲ ಅನ್ನಲ್ಲ. ನಾನು ಕೆಲಸಕ್ಕೆ ಸೇರಿದಾಗ ಶನಿವಾರ ರಾತ್ರಿ ಅಂದರೆ ಜಾತ್ರೆ. ಒಡೆದ ತುಟಿ, ಮುರಿದ ಮೂಗು, ಬಾಟಲಿ ಗಾಯ, ಜೊತೆಗೆ ಬಂದ ಹತ್ತು ಜನರ ಗಲಾಟೆ. ಎರಡೂ ಕಡೆಯವರು ಒಂದೇ ಬೆಂಚಿನ ಮೇಲೆ ಕಾಯ್ತಾ ಕೂತು, ಕೊನೆಗೆ ಮಾತಾಡಿಕೊಂಡೇ ಹೋಗ್ತಿದ್ದರು. ಅಂಥ ಕೇಸು ಈಗ ಕಡಿಮೆ, ನಿಜಕ್ಕೂ ಕಡಿಮೆ. ಆದರೆ ಬರೋ ಕೆಲವರು ಒಬ್ಬರೇ ಬರ್ತಾರೆ, ಗಾಯ ಆಳವಾಗಿರುತ್ತೆ, ಯಾರು ಮಾಡಿದ್ದು ಅಂದರೆ ಗೋಡೆ ನೋಡ್ತಾರೆ. ಮೂಗು ಮುರಿದವನಿಗೆ ಮುರಿದವನ ಹೆಸರು ಗೊತ್ತಿರ್ತಿತ್ತು. ಇವರಿಗೆ ಎಷ್ಟೋ ಸಲ ಚುಚ್ಚಿದವನ ಮುಖವೇ ಗೊತ್ತಿರಲ್ಲ.

ಯಜಮಾನರೇ, ಕೆಳಗೆ ಬಿದ್ದವನನ್ನು ಹೊಡೀತಿರಲಿಲ್ಲ ಅಂದಿರಲ್ಲ, ಬಿದ್ದವನನ್ನು ಯಾವತ್ತಾದರೂ ಕೇಳಿದ್ದೀರಾ?

ಮೂಲೆಮನೆ

ಸಿಸ್ಟರ್ ಕೇಳಿದ ಪ್ರಶ್ನೆಗೇ ನನ್ನದೂ ಒಂದು ಗಂಟು.

ಬೀದಿ ಎಲ್ಲರದ್ದಾಗಿತ್ತು ಅಂತ ಗಂಡಸರು ಬರೆಯೋದನ್ನು ಓದಿದಾಗಲೆಲ್ಲ ನಗು ಬರುತ್ತೆ. ಆ ಕಟ್ಟೆಯ ಮುಂದೆ ಹಾದು ಹೋಗಬಾರದು ಅಂತ ನಾನು ಶಾಲೆಗೆ ಮೂರು ಗಲ್ಲಿ ಸುತ್ತಿ ಹೋಗ್ತಿದ್ದೆ. ಶಿಳ್ಳೆ ಹೊಡೆದವರು ಯಾರೂ ಪೊಲೀಸರ ಪುಸ್ತಕದಲ್ಲಿ ಇಲ್ಲ. ಆ ಕಾಲದ ಅಪರಾಧ ಕಡಿಮೆ ಅನ್ನೋರು, ಯಾವುದನ್ನು ಅಪರಾಧ ಅಂತ ಬರೆದುಕೊಳ್ಳುತ್ತಿದ್ದರು ಅಂತಲೂ ಕೇಳಬೇಕು. ಮನೆಯೊಳಗಿನ ಹೊಡೆತ ಜಗಳವೂ ಅಲ್ಲ, ಅಪರಾಧವೂ ಅಲ್ಲ, "ಸಂಸಾರ".

ಆದರೆ ಇನ್ನೊಂದು ಮಾತೂ ಹೇಳ್ತೀನಿ. 1961ರಲ್ಲಿ ಜೇನ್ ಜೇಕಬ್ಸ್ ಅನ್ನೋ ಹೆಂಗಸು ನ್ಯೂಯಾರ್ಕಿನ ತನ್ನ ಬೀದಿ ನೋಡುತ್ತಾ ಬರೆದದ್ದು: ಬೀದಿಯನ್ನು ಕಾಯೋದು ಮೊದಲು ಪೊಲೀಸರಲ್ಲ, ಬೀದಿಯ ಮೇಲಿರೋ ಕಣ್ಣುಗಳು. ಅಂಗಡಿಯವನು, ಕಿಟಕಿಯಲ್ಲಿ ಕೂತ ಅಜ್ಜಿ, ಕೆಲಸದಿಂದ ಬರೋನು. ಯಾರೂ ಕಾವಲಿಗೆ ಅಂತ ನಿಂತಿರಲ್ಲ, ತಮ್ಮ ಕೆಲಸದ ನಡುವೆ ನೋಡ್ತಿರ್ತಾರೆ. ಇದು ಓದಿದಾಗ ನನಗೆ ನಮ್ಮಮ್ಮನ ನೆನಪಾಯ್ತು. ಹೊಸ್ತಿಲಲ್ಲಿ ಕೂತು ಏನೋ ಆರಿಸ್ತಾ, ಇಡೀ ಬೀದಿಯ ಹಾಜರಿ ತಗೋತಿದ್ದಳು. ಅವಳಿಗೆ ಸಂಬಳ ಇರಲಿಲ್ಲ, ಬೇರೆ ಹೋಗೋ ಜಾಗವೂ ಇರಲಿಲ್ಲ. ನಾನು ಕೆಲಸಕ್ಕೆ ಹೋದೆ, ಹೊಸ್ತಿಲು ಖಾಲಿ ಆಯ್ತು. ನಾನೇನೂ ವಾಪಸ್ ಹೋಗಿ ಕೂರಲ್ಲ, ಹೇಳಿಬಿಟ್ಟಿರ್ತೀನಿ. ಆದರೆ ಅವಳು ಮಾಡ್ತಿದ್ದ ಕೆಲಸ ಒಂದಿತ್ತು, ಅದನ್ನು ಈಗ ಯಾರೂ ಮಾಡ್ತಿಲ್ಲ.

ಕಟ್ಟೆಮುದುಕ

ಅಮ್ಮಾ, ಶಿಳ್ಳೆಯ ವಿಷಯ ಒಪ್ಪಿದೆ. ನಾನು ಹೊಡೆದಿದ್ದೆನಾ ಅಂತ ಕೇಳಬೇಡಿ.

ಸಿಸ್ಟರ್ ಪ್ರಶ್ನೆಗೆ ಆಮೇಲೆ ಬರ್ತೀನಿ.

ಲೆಕ್ಕದಪುಸ್ತಕ

ಅಂಕಿ ಇಲ್ಲದೆ ಈ ಚರ್ಚೆ ನೆನಪಿನ ಸಂತೆ ಆಗುತ್ತೆ. ಲೆಕ್ಕ ಚೆನ್ನಾಗಿ ಇಟ್ಟಿರೋ ಕಡೆಯದ್ದು ಹೇಳ್ತೀನಿ.

ನ್ಯೂಯಾರ್ಕ್ ನಗರದಲ್ಲಿ 1990ರಲ್ಲಿ 2,245 ಕೊಲೆ. 2017ರಲ್ಲಿ 292. ಅದೇ ನಗರ, ಜನಸಂಖ್ಯೆ ಇನ್ನೂ ಜಾಸ್ತಿ. ಅಮೆರಿಕಾದಲ್ಲಿ ಹದಿನೆಂಟರ ಕೆಳಗಿನವರ ಬಂಧನ 1996ರಲ್ಲಿ ಸುಮಾರು 27 ಲಕ್ಷ ಇತ್ತು, 2019ಕ್ಕೆ 7 ಲಕ್ಷದ ಸುತ್ತ ಬಂತು. 2020ರಲ್ಲಿ ಕೊಲೆಗಳು ಒಂದೇ ವರ್ಷಕ್ಕೆ ಹತ್ತಿರ ಹತ್ತಿರ ಶೇ. 30 ಏರಿದವು, ಅದನ್ನು ಮುಚ್ಚಿಡಲ್ಲ. ಆಮೇಲೆ ಮತ್ತೆ ಇಳಿದವು.

ತಮಾಷೆ ಏನು ಗೊತ್ತಾ? ಇಳಿತ ಶುರುವಾದ ಹೊತ್ತಿಗೇ ಜನ ಅತಿ ಹೆಚ್ಚು ಹೆದರಿದ್ದು. 1995ರಲ್ಲಿ ಜಾನ್ ಡಿಯುಲಿಯೊ ಅನ್ನೋ ಪ್ರಾಧ್ಯಾಪಕರು "ಸೂಪರ್‌ಪ್ರೆಡೇಟರ್" ಅನ್ನೋ ಪದ ಬಿಟ್ಟರು. ಕರುಣೆ ಇಲ್ಲದ, ನಾಳೆಯ ಯೋಚನೆ ಇಲ್ಲದ ಹುಡುಗರ ಒಂದು ದಂಡೇ ಬರ್ತಿದೆ ಅಂತ. ಪತ್ರಿಕೆಗಳು ಹಾಡಿದವು, ರಾಜಕಾರಣಿಗಳು ಕುಣಿದರು. ಆ ದಶಕದಲ್ಲಿ ಬಹುತೇಕ ಎಲ್ಲ ರಾಜ್ಯಗಳೂ ಮಕ್ಕಳನ್ನು ದೊಡ್ಡವರ ಕೋರ್ಟಿಗೆ ಎಳೆಯೋದನ್ನು ಸುಲಭ ಮಾಡಿಕೊಂಡವು. ದಂಡು ಬರಲೇ ಇಲ್ಲ. ಮುಂದೆ ಡಿಯುಲಿಯೊ ಅವರೇ ತಮ್ಮ ಊಹೆ ತಪ್ಪು ಅಂತ ಒಪ್ಪಿಕೊಂಡರು. ಅಷ್ಟರಲ್ಲಿ ಒಳಗೆ ಹೋದ ಹುಡುಗರ ತಲೆ ಬೆಳ್ಳಗಾಗ್ತಿತ್ತು.

ಮಕ್ಕಳಿಗೇ ಬೇರೆ ಕೋರ್ಟು ಬೇಕು ಅಂತ ಕಾನೂನು ಮಾಡಿ ಕಟ್ಟಿದ ಮೊದಮೊದಲಿನವರಲ್ಲಿ ಅದೇ ದೇಶವೂ ಒಂದು, 1899ರಲ್ಲಿ, ಶಿಕಾಗೋದಲ್ಲಿ. ನೂರು ವರ್ಷ ತುಂಬೋ ಹೊತ್ತಿಗೆ ಅದರ ಗೋಡೆಯನ್ನು ತಾವೇ ಕೆಡವ್ತಾ ಕೂತಿದ್ದರು.

ನೇರಮಾತು

ಅಂಕಿ ಎಲ್ಲಾ ಸರಿ ಸಾರ್. ಆದ್ರೆ ಯಾರೂ ಹೇಳದ ಮಾತು ನಾನು ಹೇಳ್ತೀನಿ. ಬೀದಿ ಕೆಟ್ಟಿದ್ದು ಹೊರಗಿನವರು ಬಂದ್ಮೇಲೆ. ಹಳಬರು ಇರೋವರೆಗೂ ಎಲ್ಲಾ ನೆಟ್ಟಗಿತ್ತು. ಯಾವ ನಗರ ಬೇಕಾದ್ರೂ ತಗೊಳ್ಳಿ.

ನಿರ್ವಾಹಕ

ನೇರಮಾತು ಅವರೇ, ಯಾವ ಸಮುದಾಯದ ಹೆಸರೂ ಬರೆದಿಲ್ಲ, ಹಾಗಾಗಿ ಕಾಮೆಂಟ್ ತೆಗೀತಿಲ್ಲ. ಮುಂದಿನದು ಬರೆದರೆ ತೆಗೀತೀನಿ. ಉತ್ತರ ಕೊಡೋರು ವಾದಕ್ಕೆ ಕೊಡಿ, ಮನುಷ್ಯನಿಗೆ ಬೇಡ.

ಲೆಕ್ಕದಪುಸ್ತಕ

"ಯಾವ ನಗರ ಬೇಕಾದ್ರೂ" ಅಂದಿರಲ್ಲ, ಶಿಕಾಗೋ ತಗೊಂಡೆ. ಇದೇ ಪ್ರಶ್ನೆಯನ್ನು ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ ಅನ್ನೋ ಇಬ್ಬರು ಜೀವಮಾನವಿಡೀ ಕೆದಕಿದರು. ಬಾಲ ನ್ಯಾಯಾಲಯಕ್ಕೆ ಬಂದ ಹುಡುಗರ ಮನೆಗಳನ್ನೆಲ್ಲ ನಗರದ ನಕ್ಷೆ ಮೇಲೆ ಚುಕ್ಕಿ ಇಟ್ಟು ಗುರುತು ಮಾಡಿದರು, ದಶಕಗಳ ದಾಖಲೆ ಹಿಡಿದು. ನಗರದ ನಡುಭಾಗಕ್ಕೆ ಅಂಟಿದ, ಕಾರ್ಖಾನೆ ಪಕ್ಕದ, ಹಳೇ ಬಾಡಿಗೆ ಮನೆಗಳ ಪ್ರದೇಶದಲ್ಲಿ ಚುಕ್ಕಿ ಒತ್ತೊತ್ತಾಗಿ ಬಿದ್ದವು. ಅಲ್ಲಿ ಮೊದಲು ಜರ್ಮನ್, ಐರಿಷ್ ಜನ ಇದ್ದರು. ಅವರು ನಾಲ್ಕು ಕಾಸು ಕಂಡು ಹೊರವಲಯಕ್ಕೆ ಹೋದರು, ಇಟಲಿ, ಪೋಲೆಂಡಿನವರು ಬಂದರು. ಜನ ಪೂರ್ತಿ ಬದಲಾದರು, ಚುಕ್ಕಿ ಅಲ್ಲೇ ಉಳಿದವು. ಹೊರವಲಯಕ್ಕೆ ಹೋದವರ ಮಕ್ಕಳ ಚುಕ್ಕಿ ಕಡಿಮೆ ಆಯ್ತು. 1942ರಲ್ಲಿ ಅವರು ಇದನ್ನೆಲ್ಲ ಒಟ್ಟುಮಾಡಿ ಪ್ರಕಟಿಸಿದರು.

ನೀವು ಹೊಗಳೋ "ಹಳಬರು" ಅವರಿಗಿಂತ ಹಳಬರಿಗೆ ಹೊರಗಿನವರೇ ಆಗಿದ್ದರು.

ನಕ್ಷೆಗಾರ

ಇಷ್ಟು ಹೊತ್ತು ಓದ್ತಾ ಕೂತಿದ್ದೆ. ನನ್ನ ಕಸುಬು ನಗರ ಯೋಜನೆ, ಅಂದರೆ ಬೀದಿಗಳನ್ನು ಕೊಂದವರ ಜಾತಿಗೆ ಸೇರಿದವನು. ತಪ್ಪೊಪ್ಪಿಗೆ ಅಂತಲೇ ತಿಳ್ಕೊಳ್ಳಿ.

ಬೀದಿ ತಾನಾಗಿ ಕೆಡಲ್ಲ, ಕೆಡವ್ತಾರೆ. ನ್ಯೂಯಾರ್ಕಿನ ಬ್ರಾಂಕ್ಸ್ ಮಧ್ಯದಲ್ಲಿ 1948ರಿಂದ ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇ ಕೊರೆದರು, ನಗರದ ದೊಡ್ಡ ಕಾಮಗಾರಿಗಳನ್ನೆಲ್ಲ ಕೈಯಲ್ಲಿಟ್ಟುಕೊಂಡಿದ್ದ ಅಧಿಕಾರಿ ರಾಬರ್ಟ್ ಮೋಸೆಸ್ ಮುಂದೆ ನಿಂತು. ಈಸ್ಟ್ ಟ್ರೆಮಾಂಟ್ ಅನ್ನೋ ಒಂದೇ ಭಾಗದ ಒಂದೇ ಮೈಲಿಯಲ್ಲಿ ಸುಮಾರು 1,500 ಕುಟುಂಬ ಎದ್ದು ಹೋಗಬೇಕಾಯ್ತು. ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಬಹಳ ಮನೆ ಉಳೀತಿದ್ದವು, ಸರಿಸಲಿಲ್ಲ. ಕೈಯಲ್ಲಿ ಕಾಸಿದ್ದವರು ಹೊರಟರು, ಅವರ ಹಿಂದೆ ಅಂಗಡಿ, ಆಮೇಲೆ ಕೆಲಸ. ಬ್ಯಾಂಕುಗಳು ಆ ಪ್ರದೇಶಕ್ಕೆ ಸಾಲ ಕೊಡಲ್ಲ ಅಂತ ಮೊದಲೇ ಗೆರೆ ಎಳೆದಿದ್ದವು. ಎಪ್ಪತ್ತರ ದಶಕದಲ್ಲಿ ನಗರಕ್ಕೆ ದುಡ್ಡಿಲ್ಲ ಅಂತ ಅಗ್ನಿಶಾಮಕ ಠಾಣೆಗಳನ್ನು ಮುಚ್ಚಿದರು, ಅದೂ ಬೆಂಕಿ ಜಾಸ್ತಿ ಬೀಳೋ ಕಡೆಯೇ. ವಿಮೆ ಹಣಕ್ಕೆ ಮಾಲೀಕರೇ ಹಚ್ಚಿಸಿದ ಬೆಂಕಿಯೂ ಇತ್ತು. 1970ರಿಂದ 1980ರ ಒಳಗೆ ಸೌತ್ ಬ್ರಾಂಕ್ಸ್‌ನ ಏಳು ಜನಗಣತಿ ವಲಯಗಳಲ್ಲಿ ಶೇ. 97ಕ್ಕಿಂತ ಹೆಚ್ಚು ಕಟ್ಟಡ ಸುಟ್ಟೋ ಪಾಳುಬಿದ್ದೋ ಹೋದವು. ಯುದ್ಧ ಆಗಿರಲಿಲ್ಲ, ಆಡಳಿತ ಆಗಿತ್ತು.

ಆ ಬೂದಿಯಲ್ಲಿ ಬೆಳೆದ ಹುಡುಗರು ಗ್ಯಾಂಗ್ ಕಟ್ಟಿದರು, ಇನ್ನೇನು ಕಟ್ಟಬೇಕಿತ್ತು? 1971ರ ಡಿಸೆಂಬರಿನಲ್ಲಿ ಘೆಟ್ಟೋ ಬ್ರದರ್ಸ್ ಅನ್ನೋ ಗುಂಪಿನವನೊಬ್ಬ, ಬ್ಲ್ಯಾಕ್ ಬೆಂಜಿ ಅಂತ ಕರೀತಿದ್ದರು, ಎರಡು ಕಡೆಯವರ ನಡುವೆ ರಾಜಿ ಮಾಡೋಕೆ ಹೋಗಿ ಕೊಲೆಯಾದ. ಸೇಡಿನ ನದಿ ಹರೀಬೇಕಿತ್ತು. ಅವನ ಗುಂಪಿನ ಮುಖಂಡರು ಸೇಡು ಬೇಡ ಅಂದರು. ಡಿಸೆಂಬರ್ 8ಕ್ಕೆ ಹೋ ಅವೆನ್ಯೂದ ಹುಡುಗರ ಕ್ಲಬ್ಬಿನಲ್ಲಿ ಗ್ಯಾಂಗುಗಳೆಲ್ಲ ಸೇರಿ ಶಾಂತಿ ಮಾತಾಡಿದವು. ಶಾಂತಿ ಪೂರ್ತಿ ನಿಲ್ಲಲಿಲ್ಲ. ಆದರೆ ಒಬ್ಬರ ಬೀದಿಗೆ ಇನ್ನೊಬ್ಬರು ಕಾಲಿಡಬಹುದು ಅನ್ನೋ ಹಾಗಾಯ್ತು. ಒಂದೂಮುಕ್ಕಾಲು ವರ್ಷದ ಮೇಲೆ, 1973ರ ಆಗಸ್ಟ್ 11ರಂದು, ಅದೇ ಬ್ರಾಂಕ್ಸ್‌ನ 1520 ಸೆಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ಶಾಲೆ ಶುರುವಾಗೋ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕು ಅಂತ ಒಬ್ಬ ಹುಡುಗಿ ಪಾರ್ಟಿ ಇಟ್ಟಳು. ರೆಕಾರ್ಡ್ ತಿರುಗಿಸಿದ್ದು ಅವಳ ಅಣ್ಣ, ಡಿಜೆ ಕೂಲ್ ಹರ್ಕ್. ಹಿಪ್‌ಹಾಪ್ ಹುಟ್ಟಿದ ರಾತ್ರಿ ಅಂತ ಅದನ್ನೇ ಆಚರಿಸ್ತಾರೆ. ದಾರಿ ತೆರೆಯದಿದ್ದರೆ ಆ ಪಾರ್ಟಿಗಳಿಗೆ ಬೇರೆ ಬೀದಿಯವರು ಬರ್ತಿದ್ದರಾ ಅನ್ನೋದು ನನ್ನ ಅನುಮಾನ.

ಕೊನೇಬೆಂಚು

ಎಲ್ರಿಗೂ ನಮಸ್ಕಾರ. ನನಗೆ ಹತ್ತೊಂಬತ್ತು. ಇಲ್ಲಿ ನನ್ನ ಬಗ್ಗೆ ಮಾತಾಡ್ತಿದ್ದೀರಿ ಅಂತ ಅನ್ನಿಸ್ತು, ಅದಕ್ಕೆ ಬರೀತಿದ್ದೀನಿ.

ಅಂಕಲ್, ನಿಮ್ಮ ಓಣಿಯಲ್ಲಿ ಮಕ್ಕಳು ಕಾಣಲ್ಲ ಅಂದ್ರಲ್ಲ. ನಾವೆಲ್ಲಿ ಹೋಗ್ಬೇಕು? ನಾವು ಆಡ್ತಿದ್ದ ಬಯಲಿಗೆ ಬೇಲಿ ಹಾಕಿ ಪಾರ್ಕಿಂಗ್ ಮಾಡಿದ್ರು. ಪಾರ್ಕಿನಲ್ಲಿ ಚೆಂಡು ತಂದ್ರೆ ವಾಕಿಂಗ್ ಮಾಡೋರಿಗೆ ಸಿಟ್ಟು. ಮಾಲ್‌ನಲ್ಲಿ ಏನೂ ತಗೊಳ್ದೆ ನಾಲ್ಕು ಜನ ನಿಂತ್ರೆ ಸೆಕ್ಯುರಿಟಿ ಬರ್ತಾನೆ. ಮೂಲೆಯಲ್ಲಿ ನಿಂತ್ರೆ ಪೊಲೀಸ್ ಬೈಕ್ ನಿಲ್ಸಿ ಫೋನ್ ಕೊಡು ಅಂತಾರೆ, ಜೇಬು ತಡವ್ತಾರೆ. ಒಂದ್ ಸಲ ನನ್ನ ಜೇಬಲ್ಲಿ ಸಿಕ್ಕಿದ್ದು ಜಾಮಿಟ್ರಿ ಬಾಕ್ಸಿನ ಕಂಪಾಸು. ಅದನ್ನ ಹಿಡ್ಕೊಂಡು ಐದ್ ನಿಮಿಷ ಯೋಚ್ನೆ ಮಾಡಿದ್ರು ಪಾಪ.

ನಿಮ್ಮನ್ನ ಬೀದಿಯ ದೊಡ್ಡವರು ಕಿವಿ ಹಿಂಡ್ತಿದ್ರು, ಅವರಿಗೆ ನಿಮ್ಮ ಹೆಸರು ಗೊತ್ತಿತ್ತು. ನಮ್ಮ ಬಿಲ್ಡಿಂಗಲ್ಲಿ ಕ್ಯಾಮೆರಾ ಎಂಟು ಇದೆ. ಲಿಫ್ಟಲ್ಲಿ ನನ್ನ ಹೆಸರು ಕೇಳಿದವರು ಒಬ್ಬರೂ ಇಲ್ಲ.

ಚಾಕು ಇಟ್ಕೊಳ್ಳೋರು ನನ್ನ ಪರಿಚಯದಲ್ಲೂ ಇದ್ರು. ಅವರಲ್ಲಿ ಮುಕ್ಕಾಲು ಜನ ಹೆದರಿಕೆಗೆ ಇಟ್ಕೊಂಡಿದ್ದು. ಎದುರಿಗಿನವನ ಹತ್ರ ಇದ್ರೆ ಅಂತ. ಎದುರಿಗಿನವನೂ ಹಾಗೇ ಅಂದ್ಕೊಂಡಿರ್ತಾನೆ.

ಲೆಕ್ಕದಪುಸ್ತಕ

ತಮ್ಮಾ, ಕಂಪಾಸಿನ ವಿಷಯಕ್ಕೆ ಒಂದು ಅಂಕಿ. ನ್ಯೂಯಾರ್ಕ್ ಪೊಲೀಸರು 2011ರಲ್ಲಿ 6,85,724 ಸಲ ಜನರನ್ನು ಬೀದಿಯಲ್ಲಿ ತಡೆದರು. ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೊ ಯುವಕರು, ಹತ್ತರಲ್ಲಿ ಒಂಬತ್ತರಷ್ಟು ಜನರ ಮೇಲೆ ಯಾವ ಕೇಸೂ ಆಗಲಿಲ್ಲ. 2013ರಲ್ಲಿ ನ್ಯಾಯಾಧೀಶೆ ಶೀರಾ ಶೈಂಡ್ಲಿನ್, ನಡೆಸುತ್ತಿರೋ ರೀತಿ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟರು. ಹೀಗಾದರೆ ನಗರ ರಕ್ತದಲ್ಲಿ ಮುಳುಗುತ್ತೆ ಅಂತ ತೀರ್ಪು ಒಪ್ಪದವರು ಅಂದರು. 2015ಕ್ಕೆ ತಡೆಯೋದು 23,000ಕ್ಕಿಂತ ಕೆಳಗಿಳೀತು. ಕೊಲೆ 2011ರಲ್ಲಿ 515 ಇದ್ದದ್ದು 2017ಕ್ಕೆ ಆಗಲೇ ಹೇಳಿದ 292.

ಚಾಕ್‌ಪೀಸ್

ಮೇಷ್ಟರ ಕಡೆಯಿಂದ ಎರಡು ಮಾತು.

ಅಪರಾಧ ಇಳಿದದ್ದಕ್ಕೆ ಎಲ್ಲರೂ ತಮ್ಮ ಪಕ್ಷವನ್ನೇ ಹೊಗಳಿಕೊಳ್ತಾರೆ: ಪೊಲೀಸ್, ಜೈಲು, ಮಕ್ಕಳ ಮೆದುಳು ಕೆಡಿಸ್ತಿದ್ದ ಪೆಟ್ರೋಲಿನ ಸೀಸ ತೆಗೆದದ್ದು, ಇನ್ನೂ ಏನೇನೋ. ನನಗೆ ಇಷ್ಟವಾದ ವಿವರಣೆ ಬಹಳ ಸಪ್ಪೆ. ಕಾರಿನ ಬೀಗ. ತೊಂಬತ್ತರ ದಶಕದ ಮೊದಲಲ್ಲಿ ಬ್ರಿಟನ್ನಿನಲ್ಲಿ ಕಾರು ಕದ್ದು ಓಡಿಸೋದು ಹುಡುಗರ ಸಂಜೆ ಆಟ ಆಗಿತ್ತು. ಸರಿಯಾದ ಕೀ ಇಲ್ಲದೆ ಎಂಜಿನ್ನೇ ಹತ್ತದ ವ್ಯವಸ್ಥೆಯನ್ನು 1998ರಿಂದ ಯುರೋಪಿನ ಹೊಸ ಕಾರುಗಳಿಗೆ ಕಡ್ಡಾಯ ಮಾಡಿದರು. ಅಪರಾಧದ ಅಧ್ಯಯನ ಮಾಡೋ ಗ್ರಹಾಂ ಫ್ಯಾರೆಲ್ ಮತ್ತು ಜೊತೆಗಾರರು ಹೇಳೋದು ಇದು: ಕಾರು ಕಳ್ಳತನ ಹುಡುಗರಿಗೆ ಮೊದಲ ಮೆಟ್ಟಿಲು. ಆ ಮೆಟ್ಟಿಲು ಮುರಿದರೆ ಬಹಳಷ್ಟು ಹುಡುಗರು ಮೇಲಕ್ಕೆ ಹತ್ತೋದೇ ಇಲ್ಲ. ಹದಿನಾರರಲ್ಲಿ ಶುರುವಾಗದ್ದು ಇಪ್ಪತ್ತಾರರಲ್ಲಿ ಶುರುವಾಗೋದು ಅಪರೂಪ.

ಫೋನೂ ಹಾಗೇ, ಎರಡು ಕಡೆ ಕುಯ್ಯುವ ಗರಗಸ. ಹುಡುಗರನ್ನು ಬೀದಿಯಿಂದ ಎತ್ತಿ ಕೋಣೆಗೆ ಹಾಕಿತು, ಕೆಲಸವಿಲ್ಲದೆ ಮೂಲೆಯಲ್ಲಿ ನಿಂತಾಗ ಆಗ್ತಿದ್ದ ಸಣ್ಣ ಕಿತಾಪತಿ ಎಲ್ಲಾ ಕಡಿಮೆ ಆಯ್ತು. ಆದರೆ ಹಿಂದೆ ಬೈಗುಳ ಗಾಳಿಯಲ್ಲಿ ಹೋಗ್ತಿತ್ತು. ಸಂಜೆ ಬೈದದ್ದು ಬೆಳಗ್ಗೆಗೆ ಯಾರಿಗೂ ನೆನಪಿರ್ತಿರಲಿಲ್ಲ. ಈಗ ಅದು ಉಳಿಯುತ್ತೆ. ಇನ್ನೂರು ಜನ ನೋಡಿರ್ತಾರೆ, ಕೆಳಗೆ ನಗೋ ಮುಖ ಹಾಕಿರ್ತಾರೆ. ಲಂಡನ್, ಶಿಕಾಗೋ ಎರಡರಲ್ಲೂ ಸತ್ತ ಎದುರಾಳಿಯನ್ನು ಹಾಡಿನಲ್ಲಿ ಹೆಸರಿಟ್ಟು ಅಣಕಿಸಿ, ಅದಕ್ಕೇ ಇನ್ನೊಂದು ಹೆಣ ಬಿದ್ದದ್ದುಂಟು. ಲಂಡನ್ನಿನಲ್ಲಿ 2021ರಲ್ಲಿ 30 ಹದಿಹರೆಯದವರು ಕೊಲೆಯಾದರು, 2008ರ 29ನ್ನೂ ಮೀರಿ. ಒಟ್ಟು ಅಪರಾಧ ಇಳಿದಿರೋ ಕಾಲದಲ್ಲಿ.

ಸ್ವೀಡನ್ನಿನದು ಇನ್ನೂ ವಿಚಿತ್ರ. ಹದಿನೈದು ತುಂಬದ ಮಗುವಿಗೆ ಶಿಕ್ಷೆ ಇಲ್ಲ ಅನ್ನೋ ಒಳ್ಳೇ ಕಾನೂನು ಅಲ್ಲಿತ್ತು. ಗ್ಯಾಂಗಿನವರು ಅದನ್ನೇ ಹಿಡಿದುಕೊಂಡು ಚಾಟ್ ಆಪ್‌ಗಳಲ್ಲಿ ಕೊಲೆಗೆ, ಬಾಂಬಿಡೋದಕ್ಕೆ ಜಾಹೀರಾತು ಹಾಕಿದರು. ಹದಿಮೂರು, ಹದಿನಾಲ್ಕರ ಮಕ್ಕಳು ಒಪ್ಪಿಕೊಂಡರು. ಕೊಲ್ಲಿಸೋನು ಬೇರೆ ದೇಶದಲ್ಲಿ, ಸಾಯೋನ ಪರಿಚಯ ಇಲ್ಲ, ಬೀದಿಯೂ ತನ್ನದಲ್ಲ. ಸಿಸ್ಟರ್ ಹೇಳಿದ ಆ ಮುಖ ಗೊತ್ತಿಲ್ಲದ ಗಾಯ ಇದೇ ಅಲ್ವಾ? ಯುರೋಪಿನ ದೇಶಗಳ ಜಂಟಿ ಪೊಲೀಸ್ ಸಂಸ್ಥೆ ಯುರೋಪೋಲ್ 2025ರಲ್ಲಿ ಇದಕ್ಕೆಂದೇ ಒಂದು ತಂಡ ಕಟ್ಟಿತು.

ಬೀದಿ ಜಗಳಕ್ಕೆ ಬೀದಿ ಬೇಕಿತ್ತು. ಇದಕ್ಕೆ ಬೇಡ.

ಹಾದಿಹೋಕ

ಮೇಷ್ಟ್ರೇ ರಾತ್ರಿ ಹನ್ನೊಂದಾಯ್ತು, ಇನ್ನು ನಿದ್ದೆ ಬಂದಹಾಗೇ. ಯಾರಾದ್ರೂ ಸರಿಹೋದ ಕಥೆ ಇದ್ರೆ ಹೇಳ್ರಪ್ಪಾ.

ರಾತ್ರಿಪಾಳಿ

ಇದೆ, ಸ್ಕಾಟ್‌ಲೆಂಡಿನ ಗ್ಲಾಸ್ಗೋ. ಅಲ್ಲಿ 1920, 30ರ ದಶಕದಲ್ಲೇ ಕ್ಷೌರದ ಕತ್ತಿ ಹಿಡಿದ ಗ್ಯಾಂಗುಗಳಿದ್ದವು. ಅಜ್ಜನ ಮುಖದ ಮೇಲೆ ಗೆರೆ, ಅಪ್ಪನ ಮುಖದ ಮೇಲೆ ಗೆರೆ, ಮಗನ ಮುಖದ ಮೇಲೂ. ಪ್ರತಿ ತಲೆಮಾರೂ ಕಠಿಣ ಕ್ರಮ ಕೈಗೊಂಡಿತು. 2005ರಲ್ಲಿ ಪೊಲೀಸ್ ಇಲಾಖೆಯೊಳಗೇ ಕ್ಯಾರಿನ್ ಮೆಕ್ಲಸ್ಕಿ, ಜಾನ್ ಕಾರ್ನೊಕನ್ ಅನ್ನೋ ಇಬ್ಬರು ಹಿಂಸೆ ತಗ್ಗಿಸೋ ಘಟಕ ಶುರು ಮಾಡಿದರು. ಹಿಂಸೆ ಒಂದು ಕಾಯಿಲೆ, ಅಂಟುತ್ತೆ, ತಡೀಬಹುದು ಅನ್ನೋ ನಂಬಿಕೆಯಲ್ಲಿ. ನರ್ಸಿಗೆ ಇದು ಹೊಸ ಮಾತಲ್ಲ, ಪೊಲೀಸರಿಗೆ ಹೊಸತು. ಮೆಕ್ಲಸ್ಕಿ ಮೊದಲು ನರ್ಸ್ ಆಗಿದ್ದವಳು, ಇದನ್ನು ಹೇಳದೇ ಇರಲಾರೆ 🙂

2008ರಲ್ಲಿ ಗ್ಯಾಂಗಿನ ಹುಡುಗರನ್ನು ಕೋರ್ಟಿನ ಹಾಲಿಗೇ ಕರೆಸಿದರು, ವಿಚಾರಣೆಗಲ್ಲ. ಪೊಲೀಸ್ ಅಧಿಕಾರಿ ಎದ್ದು, ನಿಮ್ಮೆಲ್ಲರ ಹೆಸರೂ ಗೊತ್ತಿದೆ, ನಿಲ್ಲಿಸದಿದ್ದರೆ ಇಡೀ ಗುಂಪಿನ ಬೆನ್ನು ಹತ್ತುತ್ತೇವೆ ಅಂದರು. ಡಾಕ್ಟರು ಮುಖ ಹೊಲಿಯೋದು ಹೇಗೆ ಅಂತ ಹೇಳಿದರು. ಮಗನನ್ನು ಕಳಕೊಂಡ ತಾಯಿ ಮಾತಾಡಿದಳು. ಪೊಲೀಸರ ಮಾತಿಗೆ ನಕ್ಕವರು ಅವಳ ಮಾತಿಗೆ ತಲೆ ಬಗ್ಗಿಸಿದರಂತೆ. ಕೊನೆಗೆ ಒಂದು ಫೋನ್ ನಂಬರ್ ಕೊಟ್ಟರು, ಬಿಡಬೇಕು ಅನ್ನೋನಿಗೆ ಕೆಲಸ, ಓದು, ಕುಡಿತ ಬಿಡಿಸೋದು ಎಲ್ಲದಕ್ಕೂ. ಘಟಕ ಶುರುವಾದ ಹೊತ್ತಿನಿಂದ ಹತ್ತು ವರ್ಷದಲ್ಲಿ ಸ್ಕಾಟ್‌ಲೆಂಡಿನ ಕೊಲೆಗಳು ಅರ್ಧಕ್ಕಿಂತ ಕೆಳಗೆ ಬಂದವು. ಬರೀ ಇದರಿಂದಲೇ ಅಂತ ನಾನು ಹೇಳಲ್ಲ. ಬಾಸ್ಟನ್ನಿನಲ್ಲಿ 1996ರಲ್ಲಿ ಮೊದಲು ಮಾಡಿ ನೋಡಿದ ಉಪಾಯ ಇದು, ಅಲ್ಲೂ ಯುವಕರ ಕೊಲೆ ಶೇ. 63 ಇಳೀತು ಅಂತ ಅಧ್ಯಯನ ಮಾಡಿದವರ ಲೆಕ್ಕ.

ನನಗೆ ಇದರಲ್ಲಿ ಮುಖ್ಯ ಅನ್ನಿಸೋದು "ನಿಮ್ಮ ಹೆಸರು ಗೊತ್ತಿದೆ" ಅನ್ನೋದು. ಕೊನೇಬೆಂಚಿನ ಹುಡುಗ ಲಿಫ್ಟಿನ ಬಗ್ಗೆ ಬರೆದದ್ದೂ ಅದೇ.

ಮೂಲೆಮನೆ

ಅದಕ್ಕೇ ನಾನು ಹೊಸ್ತಿಲಿನ ಕೆಲಸ ಅಂದದ್ದು. ಅಮ್ಮನನ್ನು ಮತ್ತೆ ಅಲ್ಲಿ ಕೂರಿಸದೆ ಆ ಕೆಲಸ ಆಗಬೇಕು, ಸಂಬಳ ಕೊಟ್ಟು.

ಶಿಕಾಗೋದಲ್ಲಿ ಸಾರಾ ಹೆಲ್ಲರ್ ಅನ್ನೋ ಸಂಶೋಧಕಿ ಹಿಂಸೆ ಹೆಚ್ಚಿದ್ದ 13 ಶಾಲೆಗಳ 1,634 ಹುಡುಗ ಹುಡುಗಿಯರನ್ನು ತಗೊಂಡಳು. ಚೀಟಿ ಎತ್ತಿದ ಹಾಗೆ ಆರಿಸಿ ಕೆಲವರಿಗೆ ಬೇಸಿಗೆಯಲ್ಲಿ ಎಂಟು ವಾರದ ಕೆಲಸ, ಜೊತೆಗೆ ಮಾತಾಡಿಸೋಕೆ ಒಬ್ಬ ದೊಡ್ಡವರು. ಹದಿನಾರು ತಿಂಗಳಲ್ಲಿ ಹಿಂಸೆಯ ಬಂಧನ ಆ ಗುಂಪಿನಲ್ಲಿ ಶೇ. 43 ಕಡಿಮೆ. ಅದರಲ್ಲಿ ಹೆಚ್ಚಿನ ಇಳಿತ ಕೆಲಸ ಮುಗಿದ ಮೇಲೆ ಆದದ್ದು. ಅಂದರೆ ಪುರುಸೊತ್ತು ಇರಲಿಲ್ಲ ಅನ್ನೋ ಕಾರಣ ಸಾಲದು, ಒಳಗೆ ಏನೋ ಬದಲಾಗಿದೆ.

ಫಿಲಡೆಲ್ಫಿಯಾದಲ್ಲಿ ಇನ್ನೂ ಸರಳ. 541 ಪಾಳು ನಿವೇಶನ ತಗೊಂಡು, ಕೆಲವದರ ಕಸ ತೆಗೆದು, ಹುಲ್ಲು ನೆಟ್ಟು, ದಾಟಬಹುದಾದ ಗಿಡ್ಡ ಬೇಲಿ ಹಾಕಿದರು. ಬಡ ಬಡಾವಣೆಗಳಲ್ಲಿ ಗುಂಡಿನ ಹಿಂಸೆ ಶೇ. 29 ಇಳೀತು ಅಂತ 2018ರ ವರದಿ. ಜನ ಹೊರಗೆ ಬಂದು ಕೂತರು ಅಷ್ಟೇ. ನಕ್ಷೆಗಾರರೇ, ಬೇಲಿ ಗಿಡ್ಡ ಅನ್ನೋದನ್ನು ಬರೆದಿಟ್ಟುಕೊಳ್ಳಿ.

ನಕ್ಷೆಗಾರ

ಬರೆದುಕೊಂಡೆ ಮೇಡಂ. ನಮ್ಮ ಕಚೇರಿಯಲ್ಲಿ ಬೇಲಿಯ ಎತ್ತರ ನಿರ್ಧರಿಸೋನು ಬೇಲಿಯ ಗುತ್ತಿಗೆದಾರ, ಅದು ಬೇರೆ ಕಥೆ.

ಕಟ್ಟೆಮುದುಕ

ಮೂರು ದಿನದಿಂದ ಎಲ್ಲರದ್ದೂ ಓದಿದೆ. ಲೆಕ್ಕದಪುಸ್ತಕದವರ ಜೊತೆ ಜಗಳ ಆಡಬೇಕು ಅಂತಿದ್ದೆ, ಬಿಟ್ಟೆ.

ಸಿಸ್ಟರ್, ಬಿದ್ದವನನ್ನು ಕೇಳಿದ್ದೀರಾ ಅಂದಿರಲ್ಲ. ಕೇಳಿಲ್ಲ. ಮೇಲಿನ ಓಣಿಯ ಒಬ್ಬ ಹುಡುಗ ಇದ್ದ. ಆ ದಿನ ಅವನು ಬಿದ್ದಿದ್ದ. ಬಿದ್ದವನನ್ನು ಹೊಡೀತಿರಲಿಲ್ಲ ಅಂತ ಬರೆಯುವಾಗ ನನಗೆ ಅವನ ನೆನಪು ಬರಲೇ ಇಲ್ಲ, ಅದೇ ಆಶ್ಚರ್ಯ. ನೀವು ಕೇಳಿದ ಮೇಲೆ ಬಂತು. ನಾವು ಐದು ಜನ ಇದ್ದೆವು. ಅವನಮ್ಮ ಬಾಗಿಲಿಗೆ ಬಂದು ಕೂಗಿದ್ದೂ ನಿಜ. ಕೈ ಇಳಿದದ್ದು ಆಮೇಲೆ. ಅವನು ಈಗಲೂ ಒಂದು ಕಾಲು ಸ್ವಲ್ಪ ಎಳೆದು ನಡೀತಾನೆ. ಮದುವೆ ಮನೆಗಳಲ್ಲಿ ಸಿಗ್ತಾನೆ, ಚೆನ್ನಾಗೇ ಮಾತಾಡ್ತಾನೆ. ಆ ಕಾಲದ ಬೀದಿ ಎಷ್ಟು ಚೆನ್ನಾಗಿತ್ತು ಅಂತ ನಾನೇ ಅವನಿಗೆ ಹೇಳಿದ್ದೇನೆ, ಒಂದಲ್ಲ ಎರಡಲ್ಲ, ಹತ್ತು ಸಲ. ಅವನು ಹೂಂ ಅಂತಾನೆ.

ನಿನ್ನೆ ಫೋನ್ ಮಾಡಿದೆ.

ಕೊನೇಬೆಂಚು

ಏನಂದ್ರು ಅಂಕಲ್?

ಕಟ್ಟೆಮುದುಕ

ಎತ್ತಲಿಲ್ಲ ಮಗೂ. ಸಂಜೆ ಮೊಮ್ಮಗಳ ಟ್ಯೂಷನ್ನಿಗೆ ಕರಕೊಂಡು ಹೋಗ್ತಾನಂತೆ, ಅದು ಮರೆತಿದ್ದೆ. ಇವತ್ತು ಬೆಳಗ್ಗೆ ಮಾಡ್ತೀನಿ.

ನಿನ್ನ ಹೆಸರೇನು?